ರಾಗಿ ಪಾಡಂ

ಎಂಬತ್ತಮೂರು!

ಗಂಗಾದೇವಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಪರದೆಯ ಮೇಲಿನ ಅಂಕಿ ಬದಲಾಗಲಿಲ್ಲ. ಹತ್ತು ಮಕ್ಕಳು ಸಿಕ್ಕರೆ ತಮ್ಮ ಪುಣ್ಯ ಎಂದುಕೊಂಡಿದ್ದ ಪಾಠಕ್ಕೆ ಎಂಬತ್ತಮೂರು ಮಂದಿ ಹೆಸರು ಕೊಟ್ಟಿದ್ದರು.

"ಕುಮಾರೇಶಾ, ಇದು ಸರಿಯಾಗಿದೆಯೇನಪ್ಪ? ಯಂತ್ರ ಕೆಟ್ಟಿಲ್ಲ ತಾನೆ?"

"ಯಂತ್ರ ಚೆನ್ನಾಗೈತೆ ಮೇಡಂ, ನೀವೇ ನಂಬ್ತಿಲ್ಲ" ಎಂದು ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಕುಮಾರೇಶ್ ನಕ್ಕ.

ತಮಿಳುನಾಡಿನ ಗಡಿಯೊಳಗಿನ ಡೆಂಕಣಿಕೋಟೆಯಿಂದ ತಳಿ ಎಂಬ ಊರಿಗೆ ಹೋಗುವ ದಾರಿಯಲ್ಲಿ, ಗುಲಾಬಿ ತೋಟಗಳ ಪ್ಲಾಸ್ಟಿಕ್ ಮನೆಗಳು ಮುಗಿದ ಮೇಲೆ ಒಂದು ದಿಬ್ಬ ಬರುತ್ತದೆ. ಅದರ ಮೇಲಿದ್ದ ಎರಡು ಕಟ್ಟಡಗಳೇ ಆ ಕ್ಯಾಂಪಸ್ಸು. ವಿಶ್ವವಿದ್ಯಾಲಯದ ಹನ್ನೊಂದು ಕ್ಯಾಂಪಸ್ಸುಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು. ಇಲ್ಲಿನ ಮೇಷ್ಟ್ರುಗಳಿಗೆ ಏನು ಬರುತ್ತದೋ ಅಷ್ಟೇ ಇಲ್ಲಿನ ಮಕ್ಕಳ ವಿದ್ಯೆ ಎನ್ನುವುದು ಎಷ್ಟೋ ವರ್ಷದಿಂದ ನಡೆದು ಬಂದ ಮಾತಾಗಿತ್ತು. ಹೋದ ವರ್ಷ ವಿಶ್ವವಿದ್ಯಾಲಯ ಹನ್ನೊಂದನ್ನೂ ಆನ್‌ಲೈನಿನ ಒಂದೇ ದಾರಕ್ಕೆ ಪೋಣಿಸಿತು. ಒಂದು ಕಡೆ ಹೇಳಿದ ಪಾಠವನ್ನು ಉಳಿದ ಹತ್ತು ಕಡೆಯವರೂ ಕೇಳಬಹುದು, ಪರೀಕ್ಷೆ ಕಟ್ಟಬಹುದು, ಅಂಕ ಪಡೆಯಬಹುದು ಎಂದಾಯಿತು. ಆಮೇಲೆ ದಿಬ್ಬದ ಮೇಲೆ ಸಂಭ್ರಮವೋ ಸಂಭ್ರಮ. ತಳಿಯ ಆಚೆಯ ಹಳ್ಳಿಯಿಂದ ಬರುವ ಭೂಮಿಕಾ ಎಂಬ ಹುಡುಗಿ ಸಮುದ್ರವನ್ನೇ ಕಂಡವಳಲ್ಲ. ಅವಳು ಸ್ವೆಟರ್ ಹಾಕಿಕೊಂಡು ಕೂತು ಕರಾವಳಿ ಕ್ಯಾಂಪಸ್ಸಿನವರಿಂದ ಮೀನುಗಳ ಪಾಠ ಕೇಳಿ, "ಮೇಡಂ, ಮೀನಿನ ವಯಸ್ಸು ಅದರ ಹುರುಪೆ ಮೇಲೆ ಬರ್ದಿರ್ತದಂತೆ, ಮರದ ಉಂಗುರ ಇದ್ದಂಗೆ!" ಎಂದು ಓಡಿಬಂದು ಹೇಳಿದ್ದಳು. ಅವತ್ತು ಗಂಗಾದೇವಿಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಸಂತೋಷದೊಳಗೆ ಒಂದು ಮುಳ್ಳೂ ಇತ್ತು. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ 'ಪಾಠ ಕೊಡುವ ಕ್ಯಾಂಪಸ್' ಎಂಬ ಕಡೆ ಹತ್ತು ಹೆಸರಿದ್ದವು. ತಮ್ಮದು ಮಾತ್ರ 'ಪಾಠ ಪಡೆಯುವ ಕ್ಯಾಂಪಸ್' ಎಂಬಲ್ಲಿ ಒಂಟಿಯಾಗಿ ನಿಂತಿತ್ತು. ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿದ ಗಂಗಾದೇವಿ ಬರುವ ಮೇ ತಿಂಗಳಿಗೆ ನಿವೃತ್ತಿಯಾಗುವವರು. ಹೋಗುವ ಮುಂಚೆ ಈ ದಿಬ್ಬದಿಂದ ಒಂದೇ ಒಂದು ಪಾಠ ಹೊರಗೆ ಹೋಗಲಿ ಎಂದು ಅವರಿಗೆ ಆಸೆ. ಸುತ್ತ ಕಣ್ಣು ಹಾಯಿಸಿದಷ್ಟೂ ಬೆಳೆಯುವುದು ರಾಗಿ. ಅದನ್ನೇ ಯಾಕೆ ಹೇಳಬಾರದು ಎಂದುಕೊಂಡು, ಹನ್ನೆರಡು ವಾರದ ಪಾಠ ಕಟ್ಟಿ ಅರ್ಜಿ ಹಾಕಿದರು.

ನಿಯಮ ಒಂದೇ. ಮೊದಲ ತರಗತಿಯ ದಿನ ಸಂಜೆ ಐದು ಗಂಟೆಗೆ ಕನಿಷ್ಠ ನಲವತ್ತು ಹೆಸರು ಪಟ್ಟಿಯಲ್ಲಿ ಇರಬೇಕು. ಅಲ್ಲಿಯವರೆಗೆ ಯಾರು ಬೇಕಾದರೂ ಹೆಸರು ತೆಗೆಯಬಹುದು, ಸೇರಿಸಬಹುದು. ನಲವತ್ತಕ್ಕೆ ಒಂದು ಕಡಿಮೆಯಾದರೂ ಪಾಠ ರದ್ದು, ಇನ್ನೊಂದು ಅರ್ಜಿ ಮುಂದಿನ ವರ್ಷಕ್ಕೆ. ಮುಂದಿನ ವರ್ಷ ಗಂಗಾದೇವಿ ಇಲ್ಲಿ ಇರುವುದಿಲ್ಲ.

ಈಗ ನೋಡಿದರೆ ಎಂಬತ್ತಮೂರು! ಪ್ರಿನ್ಸಿಪಾಲ್ ಲಕ್ಷ್ಮೀಪತಿಯವರು ಡೆಂಕಣಿಕೋಟೆಯಿಂದ ಜಾಂಗೀರು ತರಿಸಿ ಎಲ್ಲರಿಗೂ ಹಂಚಿದರು. ತಮ್ಮ ಪಾಲಿಗೆ ಬಂದದ್ದನ್ನು, ತಮಗೆ ಸಕ್ಕರೆ ಕಾಯಿಲೆ ಎಂದು ನೆನಪಿಸಿಕೊಂಡು, ಗೇಟಿನ ಕಾವಲುಗಾರನಿಗೆ ಕೊಟ್ಟು ಬಂದರು.

ಮೊದಲ ತರಗತಿ ಬುಧವಾರ ಮಧ್ಯಾಹ್ನ ಎರಡಕ್ಕೆ. ಬರೀ ಚಿತ್ರ ತೋರಿಸಿ ಹೇಳುವುದಕ್ಕಿಂತ ರಾಗಿ ಬೆಳೆದವರ ಬಾಯಲ್ಲೇ ಕೇಳಿಸೋಣ ಎಂದು ಗಂಗಾದೇವಿ ಭೂಮಿಕಾಳ ಅಜ್ಜಿ ಕೊಂಡಮ್ಮನವರನ್ನು ಕರೆಸಿದ್ದರು. ಹಳೆಯ ಕಾಲದ ಬಿತ್ತನೆ ರಾಗಿಯನ್ನು ಈಗಲೂ ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟುಕೊಂಡಿರುವ ಹೆಂಗಸು ಸುತ್ತಮುತ್ತ ಅವರೊಬ್ಬರೇ. "ರಾಗಿ ಪಾಡಂ ಕ್ಲಾಸಿಗೆ ಬರ್ಬೇಕಂತೆ ಅಂತ ಅಜ್ಜಿಗೆ ಹೇಳು" ಎಂದು ಭೂಮಿಕಾಳ ಕೈಲಿ ಹೇಳಿ ಕಳಿಸಿದ್ದರು. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಪಾಠಕ್ಕೆ ತಮಿಳಿನ 'ಪಾಡಂ' ಎಂದೇ ರೂಢಿ.

ಬುಧವಾರ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಕುಮಾರೇಶ್ ಬಂದು ಬಾಗಿಲಲ್ಲಿ ನಿಂತ. ಮುಖ ಹುಳ್ಳಗಿತ್ತು.

"ಮೇಡಂ, ಒಂದ್ ವಿಷ್ಯ. ಮೊದ್ಲು ಕೂತ್ಕೊಳಿ."

"ಕೂತೇ ಇದೀನಲ್ಲಪ್ಪ."

"ಹಂಗಾದ್ರೆ ಎದ್ದೇಳ್ಬೇಡಿ. ಇವತ್ತು ಹೆಸ್ರುಗಳ ಪಟ್ಟಿ ಕಳ್ಸವ್ರೆ. ಎಂಬತ್ಮೂರು ಜನದಲ್ಲಿ ಎಪ್ಪತ್ತಾರು ಜನ ಸಂಗೀತದೋರು."

"ಸಂಗೀತದವರಿಗೆ ರಾಗಿ ಯಾಕಪ್ಪ ಬೇಕು?"

"ರಾಗಿ ಎಲ್ಲೈತೆ ಮೇಡಂ? ನೋಡಿ ಇಲ್ಲಿ."

ಪಟ್ಟಿಯ ತಲೆಯ ಮೇಲೆ ಪಾಠದ ಹೆಸರಿತ್ತು: ರಾಗ ಪದಂ. ವಿಭಾಗ: ಸಂಗೀತ.

ಗಂಗಾದೇವಿಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅರ್ಜಿಯಲ್ಲಿ ಪಾಠದ ಹೆಸರನ್ನು ತಮಿಳಿನಲ್ಲೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಅವರು 'ರಾಗಿ ಪಾಡಂ' ಎಂದು ಬರೆದಿದ್ದರು. ಇಂಗ್ಲಿಷಿಗೆ ದೀರ್ಘವೂ ಇಲ್ಲ, ನಮ್ಮ ಡಕಾರ ದಕಾರಗಳ ಗೊಡವೆಯೂ ಇಲ್ಲ. ಎರಡನೆಯ ಮಾತಿನ ಅದೇ ಐದು ಇಂಗ್ಲಿಷ್ ಅಕ್ಷರವನ್ನು ಪಾಡಂ ಎಂದು ಓದಿದರೆ ಪಾಠ, ಪಡಂ ಎಂದು ಓದಿದರೆ ಚಿತ್ರ, ಪದಂ ಎಂದು ಓದಿದರೆ ಸಂಗೀತ ಕಚೇರಿಗಳಲ್ಲಿ ಹಾಡುವ ಪದ. ವಿಶ್ವವಿದ್ಯಾಲಯದಲ್ಲಿ ಕೂತ ಯಾರೋ ಪುಣ್ಯಾತ್ಮರು ಅದನ್ನು ಪದಂ ಎಂದೇ ಓದಿ, ಪದಂ ಇದ್ದ ಮೇಲೆ ಮುಂದಿನದು ರಾಗವೇ ಇರಬೇಕು, ಪಾಪ, ಹಳ್ಳಿಯ ಕಡೆಯವರು ಕೈತಪ್ಪಿ ಒಂದಕ್ಷರ ತಪ್ಪಾಗಿ ಬರೆದಿದ್ದಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದರು. ಪಾಠದ ವಿವರದ ಪುಟ ಇನ್ನೂ ಆನ್‌ಲೈನಿಗೆ ಏರಿರಲಿಲ್ಲ. ಗಂಗಾದೇವಿಯವರ ಪರದೆಗೆ ಬರುತ್ತಿದ್ದದ್ದು ಪಾಠದ ಸಂಖ್ಯೆ ಮಾತ್ರ. ಹೀಗಾಗಿ ಯಾರಿಗೂ ತಿಳಿಯಲಿಲ್ಲ.

ಸುದ್ದಿ ಕೇಳಿ ಲಕ್ಷ್ಮೀಪತಿಯವರು ಓಡಿಬಂದರು. ಬಾಗಿಲು ಮುಂದಕ್ಕೆ ಮಾಡಿ ದನಿ ತಗ್ಗಿಸಿದರು. "ಮೇಡಂ, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತು ಏನೂ ಹೇಳ್ಬೇಡಿ. ಪೀಠಿಕೆ, ಪರಿಚಯ ಅಂತ ಒಂದು ಗಂಟೆ ತಳ್ಳಿಬಿಡಿ. ಐದು ಗಂಟೆ ದಾಟಿದ ಮೇಲೆ ಹೆಸರು ತೆಗೆಯೋಕಾಗಲ್ಲ. ನಾಳೆ ನಿಧಾನಕ್ಕೆ ಹೇಳಿದ್ರಾಯ್ತು."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಂಗಾದೇವಿ ಎಂಬತ್ತಮೂರು ಎಂಬ ಅಂಕಿಯನ್ನೇ ನೋಡುತ್ತ ಕೂತರು.

"ಬೇಡ ಸಾರ್" ಎಂದರು ಕೊನೆಗೆ. "ಆ ಮಕ್ಕಳಿಗೆ ಅದು ಒಂದು ಸೆಮಿಸ್ಟರು. ನನ್ನ ಆಸೆಗೆ ಅವರದ್ದನ್ನ ಕಟ್ಟಿಹಾಕೋಕಾಗಲ್ಲ. ಮೊದಲನೇ ಮಾತಿಗೇ ಹೇಳ್ತೀನಿ. ಉಳಿಯೋರು ಉಳೀಲಿ."

ಲಕ್ಷ್ಮೀಪತಿಯವರು ತಲೆ ಕೆರೆದುಕೊಂಡರು. ಆಮೇಲೆ ಕುಮಾರೇಶನ ಕಡೆ ತಿರುಗಿ, "ಕರೆಂಟು ಹೋದರೆ ಯುಪಿಎಸ್ ಎಲ್ಲಕ್ಕೂ ಸಾಲೋದಿಲ್ಲ. ನನ್ನ ರೂಮಿನ ಲೈನು ತೆಗೆದು ಲ್ಯಾಬಿಗೆ ಬಿಡಿ. ಒಂದು ಮಧ್ಯಾಹ್ನ ಫ್ಯಾನಿಲ್ಲದಿದ್ರೆ ಏನೂ ಆಗಲ್ಲ" ಎಂದು ಹೇಳಿ ಹೋದರು.

ಎರಡಕ್ಕೆ ಹತ್ತು ನಿಮಿಷವಿರುವಾಗ ಕೊಂಡಮ್ಮ ಬಂದರು. ಮೊಮ್ಮಗಳ ಕೈ ಹಿಡಿದು, ಮದುವೆಗೆ ಹೊರಟವರಂತೆ ಹಸಿರು ರೇಷ್ಮೆಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದಿದ್ದರು. ಲ್ಯಾಬಿನ ಸುತ್ತ ಒಮ್ಮೆ ಕಣ್ಣಾಡಿಸಿ, "ಕಲ್ಲೆಲ್ಲಿ?" ಎಂದರು.

"ಯಾವ ಕಲ್ಲು ಕೊಂಡಮ್ಮ?"

"ರಾಗಿಕಲ್ಲು. ರಾಗಿ ಪದ ಹೇಳ್ಬೇಕು ಬಾ ಅಂದ್ರೆ ಕಲ್ಲಿಲ್ದೆ ಹೆಂಗೆ? ಕೈ ತಿರುಗ್ದೆ ಬಾಯಿ ತಿರುಗಕಿಲ್ಲ."

ಗಂಗಾದೇವಿ ಹಣೆ ಒತ್ತಿಕೊಂಡರು. ವಿಶ್ವವಿದ್ಯಾಲಯ ಮಾಡಿದ ತಪ್ಪನ್ನೇ ಕೊಂಡಮ್ಮನೂ ಮಾಡಿದ್ದರು. ಪಾಡಂ ಎಂದು ಕಳಿಸಿದ ಮಾತು ಆ ಕಿವಿಗೆ ಪದ ಎಂದು ಬಿದ್ದಿತ್ತು. "ಪದ ಅಲ್ಲ ಕೊಂಡಮ್ಮ, ಪಾಠ. ನೀವು ಬೀಜದ ವಿಷಯ ನಾಲ್ಕು ಮಾತು ಹೇಳಿದ್ರೆ ಸಾಕು."

ಕೊಂಡಮ್ಮನ ಮುಖ ಸಣ್ಣಗಾಯಿತು. "ಪದ ಬ್ಯಾಡ್ವಾ? ಮೂರು ದಿವ್ಸದಿಂದ ನೆಪ್ಪು ಮಾಡ್ಕಂಡು ಕುಂತಿದೀನಿ. ಮಿಲ್ಲು ಬಂದಮ್ಯಾಕೆ ಯಾರು ಕೇಳವ್ರೆ ಅದ್ನ?"

"ಆಮೇಲೆ ನಾನು ಕೇಳ್ತೀನಿ" ಎಂದು ಗಂಗಾದೇವಿ ಅವರ ಕೈ ಅದುಮಿದರು. ಗಡಿಯಾರ ಎರಡು ತೋರಿಸುತ್ತಿತ್ತು.

ಪರದೆಯ ತುಂಬ ಕಪ್ಪು ಚೌಕಗಳು, ಒಂದೊಂದರಲ್ಲೂ ಒಂದು ಹೆಸರು. ಗಂಗಾದೇವಿ ತಮಿಳಿನಲ್ಲಿ ನಮಸ್ಕಾರ ಹೇಳಿದರು. ಎರಡನೆಯ ವಾಕ್ಯದಲ್ಲೇ ನಡೆದದ್ದನ್ನೆಲ್ಲ ಬಿಚ್ಚಿಟ್ಟರು. ಇದು ರಾಗದ ಪಾಠವಲ್ಲ, ರಾಗಿಯ ಪಾಠ. ನಿಮಗೆ ಬೇಡದಿದ್ದರೆ ಈಗಲೇ ಹೆಸರು ತೆಗೆಯಬಹುದು, ನನಗೆ ಏನೂ ಬೇಸರವಿಲ್ಲ. ಕೊನೆಯ ಮಾತು ಮಾತ್ರ ಪೂರ್ತಿ ನಿಜವಾಗಿರಲಿಲ್ಲ.

ಯಾರೋ ಕಿಸಕ್ಕೆಂದು ನಕ್ಕ ಸದ್ದು. ಆಮೇಲೆ ಚೌಕಗಳು ಒಂದೊಂದಾಗಿ ಆರತೊಡಗಿದವು. ಕುಮಾರೇಶ್ ಪಕ್ಕದ ಯಂತ್ರದಲ್ಲಿ ಲೆಕ್ಕ ನೋಡಿ ಬೆರಳಲ್ಲಿ ತೋರಿಸುತ್ತಿದ್ದ. ಅರವತ್ತನಾಲ್ಕು. ಐವತ್ತೊಂದು. ನಲವತ್ತಮೂರು. ಹೋಗುವ ಮುಂಚೆ ಕೆಲವರು 'ಕ್ಷಮಿಸಿ ಮೇಡಂ' ಎಂದು ಬರೆದು ಹೋದರು. ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಾರಲ್ಲ ಮಕ್ಕಳು ಎಂದು ಆ ಗಡಿಬಿಡಿಯಲ್ಲೂ ಗಂಗಾದೇವಿಗೆ ಅನ್ನಿಸಿತು.

ಅವರು ಗಟ್ಟಿಮನಸ್ಸು ಮಾಡಿ ಚಿತ್ರಗಳನ್ನು ತೋರಿಸಿದರು. ಬೇರು, ಕಾಂಡ, ತೆನೆ. ಆಮೇಲೆ ಕೊಂಡಮ್ಮನನ್ನು ಕ್ಯಾಮೆರಾದ ಮುಂದೆ ಕೂರಿಸಿ, "ಬೇರೆ ಬೇರೆ ರಾಗಿಯ ಗುಣಗಳನ್ನು ಹೇಳ್ತೀರಾ?" ಎಂದು ಕೇಳಿದರು.

"ಹ್ಞೂ, ಐತೆ" ಎಂದರು ಕೊಂಡಮ್ಮ.

"ಯಾವ ಯಾವ ಜಾತಿ ಇದೆ?"

"ಐತೆ, ಬೇಕಾದಷ್ಟೈತೆ." ಅವರ ಕಣ್ಣು ಆ ಕಪ್ಪು ಚೌಕಗಳ ಮೇಲೆಯೇ ಇತ್ತು. ಮೆಲ್ಲಗೆ ಗಂಗಾದೇವಿಯ ಕಡೆ ಬಾಗಿ, "ಟೀಚರಮ್ಮ, ಮುಖ ಇಲ್ದೋರ ಕೂಡೆ ನಾನೇನ್ ಮಾತಾಡ್ಲಿ? ಬಾಗ್ಲು ಹಾಕಿರೋ ಮನೆ ಮುಂದೆ ನಿಂತ್ಕಂಡಂಗೈತೆ" ಎಂದರು.

ಕುಮಾರೇಶ್ ಬೆರಳು ತೋರಿಸಲಿಲ್ಲ. ಗಂಗಾದೇವಿಯೇ ಬಗ್ಗಿ ನೋಡಿದರು. ಮೂವತ್ತೊಂಬತ್ತು.

ಮುಗಿಯಿತು ಎನ್ನಿಸಿತು. ಅಷ್ಟರಲ್ಲಿ ಒಂದು ಚೌಕ ಫಳ್ಳನೆ ಬೆಳಗಿತು. ಹಾಸ್ಟೆಲಿನ ಜಗಲಿಯಲ್ಲಿ ಕೂತ ಹುಡುಗಿ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂದಲು ಬಿಟ್ಟಿದ್ದಾಳೆ. ಹಾಗೆ ಯಾರಿಗೂ ಮುಖ ತೋರಿಸುವ ಮನಸ್ಸು ಅವಳಿಗೂ ಇದ್ದಿರಲಾರದು. ಶ್ಯಾಮಲಾ ಎಂದು ಹೆಸರಿತ್ತು.

"ಪಾಟಿ, ವಣಕ್ಕಂ" ಎಂದು ಅಜ್ಜಿಗೆ ಕೈ ಮುಗಿದು ತಮಿಳಿನಲ್ಲಿ ಹೇಳಿದಳು. "ನಾನಿದೀನಿ ನೋಡಿ. ಕ್ಲಾಸು ಶುರುವಾಗೋ ಮುಂಚೆ ನಿಮ್ಮ ಕಡೆ ಮೈಕು ಆನ್ ಆಗೇ ಇತ್ತು. ನನಗೆ ಕನ್ನಡ ಬರಲ್ಲ, ಆದರೆ ರಾಗಿ, ಪದ ಅಂದದ್ದು ಕೇಳಿಸ್ತು. ನೀವು ಹಾಡೋಕೆ ಬಂದೋರಾ?"

ಕೊಂಡಮ್ಮನಿಗೆ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಸಂತೆಯ ಸರಕು. "ಹೂಂ ತಾಯಿ" ಎಂದು ತಮಿಳಿನಲ್ಲೇ ಉತ್ತರ ಕೊಟ್ಟರು. "ಇಲ್ಲಿ ಕಲ್ಲೇ ಇಲ್ಲ. ಹೆಂಗೆ ಹಾಡ್ಲಿ?"

ಮತ್ತೊಂದು ಚೌಕ ಬೆಳಗಿತು, ಮತ್ತೊಂದು. ಮುಖಗಳು ಮೂಡತೊಡಗಿದವು. ಒಬ್ಬ ಹುಡುಗ ಬಾಯಲ್ಲಿದ್ದ ಬಿಸ್ಕತ್ತು ಅವಸರವಾಗಿ ನುಂಗಿದ.

ಕುಮಾರೇಶ್ ಎದ್ದವನೇ ತಾನು ಕೂತಿದ್ದ ತಿರುಗುವ ಸ್ಟೂಲನ್ನು ಕೈಲೆತ್ತಿಕೊಂಡು ಬಂದ. ಅದನ್ನು ಪೂರ್ತಿ ತಗ್ಗಿಸಿ, ಅಲುಗಾಡದಂತೆ ಕಾಲಿನ ಚಕ್ರಗಳಿಗೆ ಹಳೆಯ ಪುಸ್ತಕಗಳನ್ನು ಒತ್ತಿ ಇಟ್ಟ. "ಕೊಂಡಮ್ಮಜ್ಜಿ, ಇದ್ನ ಕಲ್ಲು ಅನ್ಕಳಿ. ಚೆನ್ನಾಗಿ ತಿರುಗ್ತದೆ."

"ಲೋ, ಕೂತ್ಕಳೋ ಕುರ್ಚೀಲಿ ರಾಗಿ ಬೀಸು ಅಂತೀಯಲ್ಲಲಾ! ಒಳ್ಳೆ ಇಂಜಿನಿಯರ್ ಕಣ್ಲಾ ನೀನು" ಎಂದು ಕೊಂಡಮ್ಮ ನಕ್ಕುಬಿಟ್ಟರು. ಆದರೆ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತೇಬಿಟ್ಟರು. ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ, ಸ್ಟೂಲಿನ ಅಂಚು ಹಿಡಿದು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು. ಮೂರನೆಯ ಸುತ್ತಿಗೆ ದನಿ ಹೊರಟಿತು.

ಆರಿದ್ರೆ ಮಳೆ ಬಂತು ಆರು ಸಾಲ್ ಬಿತ್ತವ್ವ
ಆರಕ್ಕೆ ಒಂದು ಅವರೇಯ ಸಾಲಿಟ್ರೆ
ಊರೀಗೆ ಊಟ ತಪ್ಪಾದು

ಅರವತ್ತೈದು ದಾಟಿದ ಗಂಟಲು ಅದು. ಒರಟು, ಆದರೆ ಎಲ್ಲೂ ಒಡೆಯಲಿಲ್ಲ. ಸ್ಟೂಲು ಕಿರ್ರೆಂದು ಸುತ್ತು ಮುಗಿಸುವ ಕಡೆ ದನಿ ತಗ್ಗುತ್ತಿತ್ತು, ಕೈ ತಳ್ಳುವ ಕಡೆ ಏಳುತ್ತಿತ್ತು. ಪರದೆಯ ಮೇಲೆ ಶ್ಯಾಮಲಾಳ ಬೆರಳುಗಳು ತೊಡೆಯ ಮೇಲೆ ತಾಳ ಹುಡುಕುತ್ತಿದ್ದವು.

ಕರಿಕಡ್ಡಿ ನನ ಮಗಳು ಬರಗಾಲ ತಡೆದಾಳು
ಉಂಡೇಯ ರಾಗಿ ಮುನಿಸ್ಯಾಳು ಮಳೆ ಹಿಡಿದು
ತೆನೆಯಾಗೆ ಮೊಳಕೆ ಒಡೆದಾಳು

ಗಂಗಾದೇವಿ ಕೈಲಿದ್ದ ಟಿಪ್ಪಣಿಯನ್ನು ನೋಡಿದರು. ನಾಲ್ಕನೆಯ ವಾರಕ್ಕೆಂದು ತಾವು ಬರೆದಿಟ್ಟಿದ್ದ ಇಡೀ ಪಾಠವನ್ನು ಕೊಂಡಮ್ಮ ಮೂರು ಸಾಲಿನಲ್ಲಿ ಹಾಡಿ ಮುಗಿಸಿದ್ದರು! ಈ ಹೆಂಗಸಿನ ಹತ್ತಿರ ತಾವು 'ಗುಣಗಳನ್ನು ಹೇಳಿ' ಎಂದು ಕೇಳಿದ್ದರಲ್ಲ.

"ಒಂದು ನಿಮಿಷ ಕೊಂಡಮ್ಮ, ಅಲ್ಲೇ ನಿಲ್ಲಿಸಿ!" ಎಂದು ಕೂಗಿದರು. ಮೂವತ್ತು ವರ್ಷದಲ್ಲಿ ಕ್ಲಾಸಿನಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದಿಲ್ಲ. ಹಾಡಿನ ಅರ್ಥವನ್ನು ತಮಿಳಿನಲ್ಲಿ ಹೇಳಿದರು. ಆಮೇಲೆ ಮೇಜಿನ ಮೇಲಿಟ್ಟಿದ್ದ ಎರಡು ತೆನೆಗಳನ್ನು ಕ್ಯಾಮೆರಾದ ಹತ್ತಿರ ಹಿಡಿದರು. "ನೋಡಿ ಮಕ್ಕಳೇ, ಇದು ಕರಿಕಡ್ಡಿ. ಬೆರಳು ಬಿಡಿಸಿದ ಹಾಗಿದೆ. ಮಳೆ ಬಿದ್ದರೆ ನೀರು ಜಾರಿಹೋಗುತ್ತೆ, ಗಾಳಿಗೆ ಬೇಗ ಒಣಗುತ್ತೆ. ಇದು ಉಂಡೆ ರಾಗಿ. ಮುಷ್ಟಿ ಬಿಗಿಹಿಡಿದ ಹಾಗಿದೆ. ಕಾಳು ಹೆಚ್ಚು, ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ನೀರು ಒಳಗೇ ನಿಂತು ತೆನೆಯಲ್ಲೇ ಮೊಳಕೆ ಬರುತ್ತೆ. ಅದಕ್ಕೇ ಹಾಡಿನಲ್ಲಿ ಇವಳು ಮುನಿಸಿಕೊಂಡವಳು."

"ಮೇಡಂ, ಆರಕ್ಕೆ ಒಂದು ಸಾಲು ಅವರೆ ಯಾಕೆ?" ಎಂದು ಬಿಸ್ಕತ್ತಿನ ಹುಡುಗ ಕೇಳಿದ.

ಗಂಗಾದೇವಿ ಬಾಯಿ ತೆರೆಯುವಷ್ಟರಲ್ಲಿ ಕೊಂಡಮ್ಮನೇ ಹೇಳಿದರು. "ಅವರೆ ಬೇರು ಭೂಮಿಗೆ ಉಣ್ಣಾಕಿಕ್ತದೆ ಕಣಪ್ಪ, ರಾಗಿ ಬೇರು ಭೂಮಿನ ಉಣ್ತದೆ. ಒಬ್ರು ಇಕ್ಬೇಕು, ಒಬ್ರು ಉಣ್ಬೇಕು. ಎಲ್ರೂ ಉಣ್ಣೋರೇ ಆದ್ರೆ ಆಗ್ತದಾ?"

ಗಂಗಾದೇವಿ ನಗುತ್ತ, ಅವರೆಯ ಬೇರಿನ ಗಂಟುಗಳ ಚಿತ್ರವನ್ನು ಪರದೆಗೆ ತಂದರು. ಪಾಠ ಮೂರಕ್ಕೆ ಮುಗಿಯಬೇಕಿತ್ತು. ಮುಗಿದದ್ದು ಮೂರೂ ಮುಕ್ಕಾಲಿಗೆ. ಶ್ಯಾಮಲಾ ಎರಡನೆಯ ಪದವನ್ನು ತಪ್ಪು ತಪ್ಪು ಕನ್ನಡದಲ್ಲಿ ಹಾಡಿ ತೋರಿಸಿದಳು. ಕೊಂಡಮ್ಮ, "ಗಂಟ್ಲು ಚೆನ್ನಾಗೈತೆ, ಕೈ ತಿರುಗ್ತಿಲ್ಲ. ಏನಾದ್ರೂ ತಿರುಗ್ಸು" ಎಂದರು. ಹುಡುಗಿ ಎಣ್ಣೆಬಟ್ಟಲನ್ನೇ ನೆಲದ ಮೇಲೆ ತಿರುಗಿಸುತ್ತ ಹಾಡಿದಾಗ ಎಲ್ಲ ಚೌಕಗಳಲ್ಲೂ ನಗೆ.

ಲೆಕ್ಕ ಆಗಲೂ ಮೂವತ್ತೊಂಬತ್ತೇ. ಒಬ್ಬರೂ ಹೋಗಿರಲಿಲ್ಲ, ಒಬ್ಬರೂ ಬಂದಿರಲಿಲ್ಲ.

ನಾಲ್ಕಾಯಿತು. ಭೂಮಿಕಾ ಕ್ಯಾಂಟೀನಿನಿಂದ ಚಹಾ ತಂದಳು, ಯಾರೂ ಕುಡಿಯಲಿಲ್ಲ. ನಾಲ್ಕೂಕಾಲಿಗೆ ಕುಮಾರೇಶ್ ಕುರ್ಚಿಯಿಂದ ಎಗರಿದ. "ನಲ್ವತ್ತು! ಮೇಡಂ, ನಲ್ವತ್ತು!" ಅವನು ಕೂಗಿ ಮುಗಿಸುವಷ್ಟರಲ್ಲಿ ನಲವತ್ತೆರಡಾಯಿತು. ಹೋದವರಿಗೆ ಉಳಿದವರು ಫೋನು ಮಾಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ಶ್ಯಾಮಲಾ ಕೊಂಡಮ್ಮನ ಪದವನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳಂತೆ. ಅದನ್ನು ಹಾಸ್ಟೆಲಿನ ರೂಮು ರೂಮಿಗೆ ಹೋಗಿ ಕೇಳಿಸಿದಳಂತೆ. ನಲವತ್ತಾರು. ಐವತ್ತು. ಫ್ಯಾನಿಲ್ಲದ ರೂಮಿನಲ್ಲಿ ಬೆವರಿ ಒದ್ದೆಯಾಗಿದ್ದ ಲಕ್ಷ್ಮೀಪತಿಯವರು ಬಾಗಿಲಿಗೆ ಬಂದು ನಿಂತು, ಒಂದೊಂದು ಅಂಕಿ ಏರಿದಾಗಲೂ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಐದು ಗಂಟೆಗೆ ಪಟ್ಟಿ ಮುಚ್ಚಿದಾಗ ಅದರಲ್ಲಿ ಐವತ್ತೇಳು ಹೆಸರಿದ್ದವು. ಈ ಸಲ ಪ್ರತಿಯೊಬ್ಬರೂ ಗೊತ್ತಿದ್ದೇ ಸೇರಿದವರು.

ಸ್ವಲ್ಪ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಫೋನು ಬಂತು. ಹೆಸರು ತಿದ್ದಿದ ಹೆಂಗಸೇ ಮಾತಾಡಿದರು. "ತಪ್ಪಾಯ್ತಮ್ಮ. ಈಗಲೇ ಸರಿಮಾಡ್ತೀನಿ. ರಾಗಿ ಪಾಡಂ ತಾನೆ?"

"ನೀವು ಒಳ್ಳೇದಕ್ಕೇ ಮಾಡಿದಿರಮ್ಮ, ಮನಸ್ಸಿಗೆ ಹಚ್ಕೋಬೇಡಿ" ಎಂದರು ಗಂಗಾದೇವಿ. "ರಾಗ ಅನ್ನೋದನ್ನ ರಾಗಿ ಅಂತ ಮಾಡಿ. ಪದಂ ಹಾಗೇ ಇರಲಿ. ಪಾಠ ಹೇಳೋರು ಅನ್ನೋ ಕಡೆ ನನ್ನ ಹೆಸರಿನ ಪಕ್ಕ ಇನ್ನೊಂದು ಹೆಸರು ಬರ್ಕೊಳ್ಳಿ. ಕೊಂಡಮ್ಮ."

ಹೊರಗೆ ತಳಿಯ ಕಡೆ ಹೋಗುವ ಜೀಪು ಹಾರನ್ ಹೊಡೆಯುತ್ತಿತ್ತು. ಕೊಂಡಮ್ಮ, ಭೂಮಿಕಾ ಹತ್ತಿದರು. ಗಂಗಾದೇವಿಯ ಮನೆ ಇರುವುದು ಅದರ ಎದುರು ದಿಕ್ಕಿಗೆ, ಡೆಂಕಣಿಕೋಟೆಯಲ್ಲಿ. ಅವರು ಅವಸರವಾಗಿ ನಡೆದುಬಂದು ಜೀಪಿನ ಕಂಬಿ ಹಿಡಿದರು.

"ಕೊಂಡಮ್ಮ, ಹನ್ನೆರಡು ವಾರ ನಡೀಬೇಕು ಇದು. ಪದ ಎಷ್ಟಿವೆ?"

"ಯಾರು ಎಣ್ಸವ್ರೆ ಟೀಚರಮ್ಮ? ಬಿತ್ತೋಕೆ ಬೇರೆ, ಕಳೆ ಕೀಳೋಕೆ ಬೇರೆ, ರಾತ್ರಿ ಹೊಲಕ್ಕೆ ಬರೋ ಆನೆ ಕಾಯೋಕೆ ಬೇರೆ. ಬೀಸ್ತಾ ಕುಂತ್ರೆ ತಾನಾಗೇ ಬತ್ತದೆ."

"ಹಾಗಾದರೆ ಇವತ್ತೇ ಬೀಸೋಣ. ನಿಮ್ಮನೇಲಿ ನನಗೊಂದು ಮುದ್ದೆ ಸಿಗುತ್ತಾ?"

"ಕೇಳೋ ಮಾತಾ ಇದು!" ಎಂದು ಕೊಂಡಮ್ಮ ರೇಷ್ಮೆಸೀರೆಯ ನೆರಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದರು. ಗಂಗಾದೇವಿ ಹತ್ತಿ ಕೂತು, ಜೀಪು ದಿಬ್ಬ ಇಳಿಯುವ ಮುಂಚೆಯೇ ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು, ಕಳೆ ಕೀಳುವ ಪದದ ಮೊದಲ ಸಾಲು ಕೇಳಿದರು.